ಸಂಸಾರ ಸಮೇತ ಇರೋಕೆ ಕ್ಯಾಟಮರಾನ್, ಯಾವುದು ತಗೊಳ್ಳಲಿ ಸರ್?

ಪ್ರಶ್ನೆ (ದಾವಣಗೆರೆ, ವಿದ್ಯಾನಗರ):
ಸರ್ ನಮಸ್ಕಾರ. ನಮ್ಮವರು ಸರಕು ಹಡಗಿನಲ್ಲಿ ಎಂಜಿನಿಯರ್. ಎರಡು ವರ್ಷ ಡ್ಯೂಟಿಗೆ ಹೋಗದೆ, ಮೆಡಿಟರೇನಿಯನ್ ಕಡೆ ಹಳೇ ಹಾಯಿದೋಣಿ ಕೊಂಡು ಮನೆಮಂದಿಯೆಲ್ಲ ಅದರಲ್ಲೇ ಇರೋಣ ಅಂತ ಹಟ ಹಿಡಿದಿದ್ದಾರೆ. ಮಗಳಿಗೆ 9, ಮಗನಿಗೆ 5. ಅತ್ತೆಯೂ ಜೊತೆಗೆ ಬರುತ್ತಾರೆ. ಎರಡು ಕ್ಯಾಟಮರಾನ್ ನೋಡಿಟ್ಟಿದ್ದೇವೆ. ಒಂದು 45 ಅಡಿ, ಟೂರಿಸ್ಟ್‌ಗಳಿಗೆ ಬಾಡಿಗೆಗೆ ಓಡಿದ್ದು, 4 ಕ್ಯಾಬಿನ್, 4 ಬಾತ್‌ರೂಮ್. ಇನ್ನೊಂದು 40 ಅಡಿ, 3 ಕ್ಯಾಬಿನ್, ಒಬ್ಬರೇ ಮಾಲೀಕರು. ರೇಟು ಹೆಚ್ಚು ಕಡಿಮೆ ಒಂದೇ. ನನಗೆ ದೊಡ್ಡದೇ ಇರಲಿ ಅನ್ನಿಸುತ್ತದೆ. ಅತ್ತೆ ಕೇಳುತ್ತಿರುವುದು ಒಂದೇ ಮಾತು: ಅದರಲ್ಲಿ ದೋಸೆ ಹೊಯ್ಯೋಕೆ ಆಗುತ್ತಾ?

ಉತ್ತರ (ದೋಣಿ ಸರ್ವೇಯರ್, ಊರು ಹಿರಿಯೂರು):
ಮೇಡಂ, ಅತ್ತೆಯವರು ಕೇಳಿದ್ದೇ ಸರಿಯಾದ ಪ್ರಶ್ನೆ. ಒಂದೇ ಒಡಲಿನ, ಅಂದರೆ ನೀರಿನಲ್ಲಿ ತೇಲುವ ಭಾಗ ಒಂದೇ ಇರುವ ಹಾಯಿದೋಣಿ ಗಾಳಿಗೆ ಒಂದು ಕಡೆ ವಾಲಿಕೊಂಡೇ ಓಡುತ್ತದೆ. ಅದರಲ್ಲಿ ಒಲೆಯನ್ನೇ ತೊಟ್ಟಿಲಿನ ಹಾಗೆ ತೂಗುಬಿಟ್ಟಿರುತ್ತಾರೆ. ಕ್ಯಾಟಮರಾನ್‌ಗೆ ಎರಡು ಒಡಲು, ಹಾಗಾಗಿ ವಾಲುವುದು ತೀರಾ ಕಡಿಮೆ. ಹೆಸರು ಬಂದಿದ್ದೂ ತಮಿಳಿನ ಕಟ್ಟುಮರದಿಂದಲೇ. ಕೊಲ್ಲಿಯಲ್ಲಿ ಲಂಗರು ಹಾಕಿ ಕಾವಲಿ ಇಟ್ಟರೆ ಹಿಟ್ಟು ದುಂಡಗೇ ಹರಡುತ್ತದೆ. ಅಲೆ ಎದುರಿಗೆ ಬಂದ ದಿನ ಮಾತ್ರ ಕುಲುಕಾಟ ಜಾಸ್ತಿ. ಅವತ್ತು ಮಂಡಕ್ಕಿಯೇ ಗತಿ.

ಈಗ ನಿಮ್ಮ ಪ್ರಶ್ನೆ. ಕ್ಯಾಬಿನ್ ಎಣಿಸಬೇಡಿ, ತೂಕ ಎಣಿಸಿ. 500 ಲೀಟರ್ ನೀರು ಅಂದರೆ ಅರ್ಧ ಟನ್. 400 ಲೀಟರ್ ಡೀಸೆಲ್ ಸುಮಾರು 340 ಕೆಜಿ. ಲಂಗರಿನ 10 ಮಿ.ಮೀ. ಚೈನು 60 ಮೀಟರ್ ಇದ್ದರೆ ಹತ್ತಿರ ಹತ್ತಿರ 140 ಕೆಜಿ. ದಡಕ್ಕೆ ಹೋಗಿಬರುವ ಚಿಕ್ಕ ದೋಣಿ, ಅದರ ಮೋಟಾರು ಸೇರಿ 100 ಕೆಜಿ. ಆಮೇಲೆ ನೀವು ಐದು ಜನ, ಬ್ಯಾಟರಿ, ಸೋಲಾರ್, ಅಕ್ಕಿ, ಬೇಳೆ, ಮಕ್ಕಳ ಪುಸ್ತಕ. ಎಂಜಿನಿಯರ್ ಮನೆಯಲ್ಲಿ ಟೂಲ್ ಬಾಕ್ಸ್ ಒಂದೇ ಇರುವುದಿಲ್ಲ ಅಂತಲೂ ಗೊತ್ತು! ಎರಡು ಟನ್ ದಾಟುವುದಕ್ಕೆ ಹೊತ್ತು ಬೇಡ. ಲಾರಿಗೆ ಓವರ್‌ಲೋಡ್ ಮಾಡಿದರೆ ಟೈರು ಹೇಳುತ್ತದೆ. ದೋಣಿ ಬಾಯಿಬಿಡಲ್ಲ, ಸುಮ್ನೆ ಒಂದಿಷ್ಟು ಕೆಳಗೆ ಕೂರುತ್ತದೆ.

ಕೂತರೆ ಏನಾಗುತ್ತೆ ಅಂದರೆ, ಎರಡು ಒಡಲಿನ ನಡುವೆ ನೀವು ಓಡಾಡುವ ನೆಲ ಇದೆಯಲ್ಲ, ಅದರ ತಳಕ್ಕೆ ಅಲೆ ಕೆಳಗಿನಿಂದ ಗುದ್ದುತ್ತದೆ. ಮೇಜಿನ ಮೇಲಿನ ಲೋಟ ಎಗರಿ ಬೀಳುತ್ತದೆ, ಮಲಗಿದ ಮಗು ಎದ್ದು ಕೂರುತ್ತದೆ. 40 ಅಡಿಯ ದೋಣಿಗೆ ಸಾಮಾನೆಲ್ಲ ತುಂಬಿದ ಮೇಲೂ ಈ ನೆಲ ನೀರಿನಿಂದ 60–70 ಸೆಂ.ಮೀ. ಮೇಲಿರಬೇಕು. ಟೇಪು ಹಿಡಿದು ಅಳೆಯಿರಿ. ನೀರು ಎಲ್ಲಿವರೆಗೆ ಬರುತ್ತದೆ ಅಂತ ತೋರಿಸುವ ತಳದ ಪೇಂಟಿನ ಗೆರೆಯನ್ನು ನಂಬಬೇಡಿ. ನಾನು ನೋಡಿದ ಒಂದು ದೋಣಿಯಲ್ಲಿ ಮಾಲೀಕರು ಆ ಗೆರೆಯನ್ನೇ ನಾಲ್ಕು ಬೆರಳು ಮೇಲಕ್ಕೆ ಬಳಿಸಿದ್ದರು. ಹಿಂದಿನ ಮೆಟ್ಟಿಲ ಕೆಳಗೆ ಬೆರಳಾಡಿಸಿದರೆ ಪಾಚಿ. ಅಲ್ಲಿಗೆ ಗುಟ್ಟು ರಟ್ಟಾಯಿತು.

45 ಅಡಿಯದು ಜಾಸ್ತಿ ಹೊರುತ್ತದೆ, ಸುಳ್ಳಲ್ಲ. ಆದರೆ ನಾಲ್ಕು ಬಾತ್‌ರೂಮ್ ಅಂದರೆ ನಾಲ್ಕು ಪಂಪು, ಅಷ್ಟೂ ಪೈಪು, ವಾರಕ್ಕೊಂದು ರಿಪೇರಿ. ದೊಡ್ಡ ದೋಣಿ ಚಿಕ್ಕದರ ರೇಟಿಗೆ ಸಿಗುತ್ತಿದೆ ಅಂದರೆ ಉಳಿದ ದುಡ್ಡನ್ನು ಆಮೇಲೆ ನೀವು ಹಾಕಬೇಕು. ಬಾಡಿಗೆ ದೋಣಿಯಲ್ಲಿ ಎಂಜಿನ್ ಎಷ್ಟು ಗಂಟೆ ಓಡಿದೆ ನೋಡಿ. ಎಂಜಿನ್‌ನಿಂದ ಕೆಳಗೆ ನೀರಿಗೆ ಇಳಿಯುವ ಡ್ರೈವ್‌ನ ರಬ್ಬರ್ ಸೀಲ್ ಯಾವ ವರ್ಷದ್ದು ಕೇಳಿ. ಹಾಯಿ ಕಟ್ಟುವ ಕೂವೆಮರವನ್ನು ಹಿಡಿದಿರುವ ಸ್ಟೀಲ್ ತಂತಿಗಳಿಗೆ 10–12 ವರ್ಷ ಆಗಿದ್ದರೆ ಬದಲಿಸಬೇಕು, ಇಲ್ಲದಿದ್ದರೆ ಇನ್ಶೂರೆನ್ಸ್‌ನವರು ತಕರಾರು ತೆಗೆಯುತ್ತಾರೆ. ನಾನಾಗಿದ್ದರೆ 40 ಅಡಿಯದಕ್ಕೇ ಕೈ ಹಾಕುತ್ತಿದ್ದೆ.

ಚಳ್ಳಕೆರೆಯಿಂದ ಒಬ್ಬರು:
ಕ್ಯಾಟಮರಾನ್ ಮಗುಚಿದರೆ ಮತ್ತೆ ಎದ್ದೇಳಲ್ಲ ಅಂತಾರಲ್ಲ ಸರ್?

ಉತ್ತರ:
ನಿಜ. ಒಂದೇ ಒಡಲಿನ ದೋಣಿಗೆ ಅಡಿಯಲ್ಲಿ ಸೀಸವೋ ಕಬ್ಬಿಣವೋ ಇರುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಇದು ಮಗುಚಿದರೆ ಮಗುಚಿದ ಹಾಗೇ ತೇಲುತ್ತದೆ. ಸಂಸಾರದ ದೋಣಿ ಮಗುಚುವುದು ಅಪರೂಪ, ಆದರೂ ಒಂದು ಅಪಾಯ ಇದೆ: ವಾಲುವುದಿಲ್ಲವಾದ್ದರಿಂದ ಗಾಳಿ ಜೋರಾಗಿದ್ದು ಮೈಗೆ ಗೊತ್ತಾಗುವುದಿಲ್ಲ. ಜೋಗಿಮಟ್ಟಿಯ ಗಾಳಿಯಂತ್ರ ದೂರದಿಂದ ನಿಧಾನ ತಿರುಗಿದ ಹಾಗೆ ಕಾಣುತ್ತೆ, ಹತ್ತಿರ ಹೋದರೆ ಎದೆ ನಡುಗುತ್ತೆ ಅಲ್ವಾ, ಹಾಗೆ. ಗಾಳಿ 15 ನಾಟ್‌ನಿಂದ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) 20ಕ್ಕೆ ಏರಿದರೆ ಹಾಯಿಯ ಮೇಲಿನ ಒತ್ತಡ ಒಂದೂಮುಕ್ಕಾಲು ಪಟ್ಟು ಆಗುತ್ತದೆ. ಎಷ್ಟು ನಾಟ್‌ಗೆ ಹಾಯಿ ಎಷ್ಟು ಮಡಚಬೇಕು ಅಂತ ತಯಾರಕರ ಪಟ್ಟಿ ಇರುತ್ತದೆ. ಮೀಟರ್ ನೋಡಿ ಮಡಚಿ, ಧೈರ್ಯ ನೋಡಿ ಅಲ್ಲ.

ಪ್ರಶ್ನೆ ಕೇಳಿದವರು:
ಚಿಕ್ಕವನು ಒಂದು ಕಡೆ ನಿಲ್ಲುವವನಲ್ಲ ಸರ್. ಅದೇ ಭಯ.

ಉತ್ತರ:
ಸುತ್ತಲೂ ಕಂಬಿಗೆ ಬಲೆ ಕಟ್ಟಿಸಿ. ದೋಣಿ ಓಡುವಾಗ ಲೈಫ್ ಜಾಕೆಟ್ ಇಲ್ಲದೆ ಹೊರಗೆ ಕಾಲಿಡುವಂತಿಲ್ಲ. ರಾತ್ರಿ ಹೊರಗೆ ಬಂದರೆ ದೊಡ್ಡವರಿಗೂ ಬೆಲ್ಟು, ಹಗ್ಗ. ಅಡುಗೆಮನೆ ಕೆಳಗೆ ಒಡಲಿನೊಳಗಲ್ಲದೆ ಮೇಲಿನ ನೆಲದಲ್ಲೇ ಇರುವ ದೋಣಿ ನೋಡಿ, ನೀವು ಸಾರಿಗೆ ಒಗ್ಗರಣೆ ಹಾಕುತ್ತಲೇ ಹುಡುಗ ಎಲ್ಲಿದ್ದಾನೆ ಅಂತ ಕಾಣುತ್ತದೆ. ಮುಂದೆ ಎರಡು ಒಡಲಿನ ನಡುವೆ ಬಲೆ ಬಿಗಿದಿರುತ್ತಾರೆ, ಮಕ್ಕಳಿಗೆ ಅದೇ ಪಾರ್ಕು. ಅದರ ಹೊಲಿಗೆ ಎಳೆದು ನೋಡಿ, ಬಿಸಿಲಿಗೆ ದಾರ ಸುಡುತ್ತದೆ.

ಹರಿಹರದಿಂದ ಒಬ್ಬರು:
ಮೊದಲು ಮಾರಿಕಣಿವೆಯಲ್ಲಿ ಪ್ರ್ಯಾಕ್ಟೀಸ್ ಮಾಡಲಿ ಬಿಡಿ!

ಉತ್ತರ:
ನಮ್ಮೂರ ಡ್ಯಾಮು ತಮಾಷೆ ಅಂದುಕೊಂಡಿರಾ? 1933ರ ನಂತರ ಕೋಡಿ ಬಿದ್ದಿದ್ದು 2022ರಲ್ಲಿ. ಆದರೂ ನಿಮ್ಮ ಮಾತಲ್ಲಿ ಅರ್ಥ ಇದೆ. ಹಡಗಿನ ಎಂಜಿನಿಯರ್‌ಗೆ ಹಾಯಿ ಗೊತ್ತಿರಬೇಕು ಅಂತೇನಿಲ್ಲ. ಗ್ರೀಸ್, ಕ್ರೊಯೇಷಿಯಾದಲ್ಲಿ ಬಾಡಿಗೆ ದೋಣಿಯನ್ನು ನೀವೇ ನಡೆಸುವುದಾದರೆ ಲೈಸೆನ್ಸ್ ಕೇಳುತ್ತಾರೆ. ಮೊದಲು ನಡೆಸುವವರ ಸಮೇತ ಒಂದು ವಾರ ಬಾಡಿಗೆಗೆ ತಗೊಳ್ಳಿ, ಅತ್ತೆಯನ್ನೂ ಕರೆದುಕೊಂಡು ಹೋಗಿ. ಇನ್ನೊಂದು, ನಮ್ಮ ಪಾಸ್‌ಪೋರ್ಟಿಗೆ ಷೆಂಗೆನ್ (ಯುರೋಪಿನ ಬಹುತೇಕ ದೇಶಗಳಿಗೆ ಸೇರಿ ಒಂದೇ) ಟೂರಿಸ್ಟ್ ವೀಸಾದಲ್ಲಿ 180 ದಿನಕ್ಕೆ 90 ದಿನ ಮಾತ್ರ. ಉಳಿದ ದಿನ ಟರ್ಕಿಯೋ ಟುನೀಸಿಯಾವೋ ಅಂತ ಈಗಲೇ ಯೋಚಿಸಿ. ಅಗಲ ಜಾಸ್ತಿ ಅಂತ ಎಷ್ಟೋ ಮರೀನಾಗಳು (ದೋಣಿ ಕಟ್ಟಿ ನಿಲ್ಲಿಸುವ ಜಾಗಗಳು) ಕ್ಯಾಟಮರಾನ್‌ಗೆ ಒಂದೂವರೆ ಪಟ್ಟು ಬಾಡಿಗೆ ಹಾಕುತ್ತವೆ. ಜಾಸ್ತಿ ದಿನ ಲಂಗರಿನ ಮೇಲೇ ಕಳೆಯಬೇಕಾಗುತ್ತದೆ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಸರ್. 40 ಅಡಿಯದನ್ನೇ ಟೇಪು ಹಿಡಿದು ಅಳೆಯುತ್ತೇವೆ. ಅತ್ತೆ ಪಕ್ಕದಲ್ಲೇ ಕೂತಿದ್ದಾರೆ. ಗ್ರೈಂಡರ್ ತರಬಹುದಾ ಅಂತ ಕೇಳಿ ಅಂತಿದ್ದಾರೆ.

ಉತ್ತರ:
ಟೇಬಲ್ ಟಾಪ್ ಆದರೆ ಹತ್ತು ಕೆಜಿ ಮೇಲೆ ತೂಗುತ್ತದೆ, ಕರೆಂಟು 150 ವಾಟ್ ಸಾಕು. ಮಧ್ಯಾಹ್ನ ಸೋಲಾರ್ ಇರುವಾಗ ರುಬ್ಬಿಕೊಳ್ಳಲಿ. ಧಾರಾಳವಾಗಿ ತರಲಿ ಅನ್ನಿ. ನಿಮ್ಮವರ ಎರಡನೇ ಟೂಲ್ ಬಾಕ್ಸ್ ಇಳಿಸಿ.