ಡರ್ಬಿ ಗಾಡಿ ಸ್ಟಾರ್ಟ್ ಆಗುತ್ತೆ, ಎರಡೇ ಸೆಕೆಂಡಿಗೆ ನಿಂತುಬಿಡುತ್ತೆ: ಅನುಭವ ಇದ್ದವರು ಹೇಳಿ

ಅಮೆರಿಕದ ಓಹಾಯೋದಲ್ಲಿ ಕೌಂಟಿ ಫೇರ್ (ಜಿಲ್ಲಾ ಜಾತ್ರೆ) ಡೆಮಾಲಿಷನ್ ಡರ್ಬಿಗೆ (ಹಳೇ ಕಾರುಗಳು ಒಂದಕ್ಕೊಂದು ಗುದ್ದಾಡೋ ಆಟ) ಪಕ್ಕದ ಮನೆಯವರ ಜೊತೆ ಸೇರಿ 1998ರ ಶೆವಿ ಕ್ಯಾವಲಿಯರ್ ರೆಡಿ ಮಾಡ್ತಿದ್ದೀವಿ, ಕಾಂಪ್ಯಾಕ್ಟ್ ಕ್ಲಾಸ್ (ಸಣ್ಣ ಕಾರುಗಳ ವಿಭಾಗ). ಹಳೇ ಪೆಟ್ರೋಲ್ ಟ್ಯಾಂಕ್ ಇಳಿಸಿ, ಹಿಂದಿನ ಸೀಟಿನ ಜಾಗದಲ್ಲಿ ಬೋಟ್ ಟ್ಯಾಂಕ್ (ದೋಣಿಗೆ ಹಾಕೋ ಪೆಟ್ರೋಲ್ ಟ್ಯಾಂಕ್) ಬಿಗಿದು, ಟ್ಯಾಂಕಿನ ಹೊರಗಡೆ ಪೆಟ್ರೋಲ್ ಪಂಪ್ ಹಾಕಿದ್ವಿ. ಕೀ ಸಿಲಿಂಡರ್ ಕಿತ್ತು ಟಾಗಲ್ ಸ್ವಿಚ್, ಪುಶ್ ಬಟನ್ ಕೂರಿಸಿದ್ವಿ. ಈಗ ಗಾಡಿ ಹತ್ತಿದ ಕೂಡಲೇ ನಿಲ್ಲುತ್ತೆ. ಬೇರೆ ಪಂಪ್ ತರಬೇಕಾ?

—

ಸರ್, ದುಡ್ಡು ಬಿಚ್ಚೋ ಮುಂಚೆ ಡ್ಯಾಶ್‌ಬೋರ್ಡ್ ನೋಡಿ. ಸೆಕ್ಯುರಿಟಿ ಲೈಟ್ ಮಿಣುಕ್ತಿದ್ರೆ ಪಂಪ್ ಪಾಪದ್ದು, ಅದನ್ನ ಬಿಟ್ಟುಬಿಡಿ. ನೀವು ಕಿತ್ತ ಕೀ ಸಿಲಿಂಡರ್ ಹತ್ತಿರಾನೇ ಪಾಸ್‌ಲಾಕ್ (ಗಾಡಿ ಕಳ್ಳತನ ತಡೆಯೋ ವ್ಯವಸ್ಥೆ) ಸೆನ್ಸರ್ ಇರೋದು. ಅದರ ರೆಸಿಸ್ಟೆನ್ಸ್ ಸರಿಯಾಗಿ ಸಿಗದಿದ್ರೆ ಗಾಡಿಯ ಕಂಪ್ಯೂಟರ್ ಕಳ್ಳ ಬಂದ ಅಂತ ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಆಫ್ ಮಾಡುತ್ತೆ. ಸ್ಟಾರ್ಟರ್ ತಿರುಗುತ್ತೆ, ಇಂಜಿನ್ ಹತ್ತುತ್ತೆ, ನಿಲ್ಲುತ್ತೆ. ಥೇಟ್ ನೀವು ಬರೆದ ಹಾಗೇ. ಸಿಲಿಂಡರ್ ಇನ್ನೂ ಬಿಸಾಕಿಲ್ಲ ಅಂದ್ರೆ ವಾಪಸ್ ಹಾಕೋದೇ ಸುಲಭ. ಇಲ್ಲಾಂದ್ರೆ ಸೆನ್ಸರ್ ಬದಲು ಒಂದು ರೆಸಿಸ್ಟರ್ ಕೂರಿಸಿ ರೀಲರ್ನ್ ಮಾಡಿಸಬೇಕು, ಅಂದ್ರೆ ಆ ಹೊಸ ರೆಸಿಸ್ಟೆನ್ಸನ್ನ ಗಾಡಿಗೆ ಕಲಿಸಬೇಕು: ಒಮ್ಮೆ ಸ್ಟಾರ್ಟ್ ಮಾಡಿ, ನಿಂತ ಮೇಲೆ ಇಗ್ನಿಷನ್ ಆನ್‌ನಲ್ಲೇ ಸುಮಾರು 10 ನಿಮಿಷ ಬಿಡಿ, ಸೆಕ್ಯುರಿಟಿ ಲೈಟ್ ಆರಿದ ಮೇಲೆ ಆಫ್. ಹೀಗೆ 3 ಸಲ. ಬ್ಯಾಟರಿಗೆ ಚಾರ್ಜರ್ ಹಾಕಿಟ್ಟಿರಿ.

—

ಮೇಲಿನವರು ಹೇಳಿದ್ದು ಸರಿ. ಆದ್ರೂ ಫ್ಯುಯೆಲ್ ರೈಲಿಗೆ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚೋ ಕೊಳವೆ) ಒಂದು ಪ್ರೆಶರ್ ಗೇಜ್ ಹಾಕಿಬಿಡಿ, ಅನುಮಾನ ಹೋಗ್ಲಿ. ಹತ್ತಿದ ತಕ್ಷಣ ನಿಂತ್ರೆ ಪಾಸ್‌ಲಾಕ್. ಸ್ವಲ್ಪ ಹೊತ್ತು ಓಡಿ, ಉಸಿರು ಕಟ್ಟಿದವರ ಹಾಗೆ ಒದ್ದಾಡಿ ನಿಂತ್ರೆ ಪೆಟ್ರೋಲ್ ಕಥೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗೋದು ಕಾರ್ಬುರೇಟರ್ ಪಂಪ್, 4ರಿಂದ 7 ಪಿಎಸ್‌ಐ (ಒತ್ತಡದ ಅಳತೆ) ಅಷ್ಟೇ. ನಿಮ್ಮ ಇಂಜೆಕ್ಷನ್ ಇಂಜಿನ್ನಿಗೆ 40ರ ಮೇಲೆ ಬೇಕು. ಇನ್ನೊಂದು, ಈ ಪಂಪುಗಳು ತಳ್ಳೋದ್ರಲ್ಲಿ ಗಟ್ಟಿ, ಎಳೆಯೋದ್ರಲ್ಲಿ ಸೊನ್ನೆ. ಟ್ಯಾಂಕಿನ ತಳಕ್ಕಿಂತ ಕೆಳಗೆ ಕೂರಿಸಿ, ಪೆಟ್ರೋಲ್ ತಾನಾಗೇ ಇಳಿದು ಬರ್ಲಿ. ಬೋಟ್ ಟ್ಯಾಂಕಿಗೆ ಸಾಮಾನ್ಯವಾಗಿ ಒಂದೇ ಬಾಯಿ. ನಿಮ್ಮ ಇಂಜಿನ್ನಿಗೆ ರಿಟರ್ನ್ ಲೈನ್ (ಮಿಕ್ಕ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಬರೋ ಕೊಳವೆ) ಇದ್ರೆ ಅದಕ್ಕೆ ಇನ್ನೊಂದು ಫಿಟಿಂಗ್ ಬೇಕೇ ಬೇಕು. ರಿಟರ್ನ್ ಮುಚ್ಚಿಬಿಟ್ರೆ ಪ್ರೆಶರ್ ಏರಿ ಪ್ಲಗ್ ಎಲ್ಲ ಒದ್ದೆ. ಹೋಸ್ ಕೂಡ ಇಂಜೆಕ್ಷನ್ ಗ್ರೇಡ್‌ದೇ ಇರ್ಲಿ. ಲೈನ್ ಹೋಗೋದು ನಿಮ್ಮ ಬೆನ್ನ ಹಿಂದೆ, ಅಲ್ಲಿ ಜುಗ್ಗತನ ಬೇಡ.

—

ನಮ್ಮದು ಫೋರ್ಡ್ ಎಸ್ಕಾರ್ಟ್. ಶೆಡ್ಡಲ್ಲಿ ಚೆನ್ನಾಗಿ ಓಡ್ತಿತ್ತು, ಅಖಾಡದಲ್ಲಿ ಮೊದಲ ಗುದ್ದಿಗೇ ಪಂಪ್ ಬಂದ್! ಹೊಡೆತ ಬಿದ್ರೆ ಪಂಪ್ ಕಡಿಯೋ ಇನರ್ಷಿಯಾ ಸ್ವಿಚ್ ಫೋರ್ಡ್‌ಗಳಲ್ಲಿರುತ್ತೆ. ಅದನ್ನ ಬೈಪಾಸ್ ಮಾಡ್ತಾರೆ, ಆದ್ರೆ ಪಂಪಿಗೆ ಬೇರೆ ಕಿಲ್ ಸ್ವಿಚ್ (ತಕ್ಷಣ ಆಫ್ ಮಾಡೋ ಸ್ವಿಚ್) ಇಡದೆ ಆ ಕೆಲಸಕ್ಕೆ ಕೈ ಹಾಕಲೇಬೇಡಿ. ಬೆಲ್ಟ್ ಬಿಗಿದು ಕೂತಾಗ್ಲೂ ಕೈಗೆ ಸಿಗಬೇಕು, ಹೊರಗಿನವರಿಗೂ ಕಾಣಬೇಕು. ನಿಮ್ಮ ಫೇರ್‌ನ ರೂಲ್ ಬುಕ್ ಒಮ್ಮೆ ಓದಿ, ಊರಿಗೊಂದು ನಿಯಮ.

—

ಹೋಂಡಾ ತರೋರಿಗೆ: 90ರ ದಶಕದ ಸಿವಿಕ್‌ಗಳಲ್ಲಿ ಮೇನ್ ರಿಲೇ (ಪಂಪಿಗೆ ಕರೆಂಟ್ ಕೊಡೋ ಸ್ವಿಚ್) ಒಳಗಿನ ಬೆಸುಗೆ ಬಿರುಕು ಬಿಡುತ್ತೆ, ಬಿಸಿಯಾದಾಗ ಪಂಪಿಗೆ ಕರೆಂಟ್ ಹೋಗಲ್ಲ. ಮತ್ತೆ ಬೆಸೆದ್ರೆ ಆಯ್ತು.

ಅಂದಹಾಗೆ ಬ್ಯಾಟರಿ ಎಲ್ಲಿಟ್ಟಿದ್ದೀರಿ ಅಂತ ಬರೆದಿಲ್ಲ. ಪಕ್ಕದ ಸೀಟಿನ ಜಾಗಕ್ಕೆ ತಂದಿದ್ರೆ ಕೇಬಲ್ ಉದ್ದ ಆಗುತ್ತೆ, ದಪ್ಪದ್ದೇ ಹಾಕಿ. ಅರ್ತ್ ಕೇಬಲ್ಲನ್ನ ಗಾಡಿಯ ಬಾಡಿಗಷ್ಟೇ ಬಿಗಿದು ಬಿಡಬೇಡಿ, ಇಂಜಿನ್ ಬ್ಲಾಕಿಗೂ ಒಂದು ಎಳೀರಿ.