ನೋವಿಗೆ ಹೆದರಿ ಅಮ್ಮ ಫಿಸಿಯೋಥೆರಪಿ ಬಿಟ್ಟಿದ್ದಾಳೆ, ಹೇಗೆ ಒಪ್ಪಿಸಲಿ?

ದಾವಣಗೆರೆ ಮಗಳು:
ಅಮ್ಮನಿಗೆ 58 ವರ್ಷ, ಶುಗರ್ ಇದೆ. ಐದು ತಿಂಗಳಿಂದ ಬಲಭುಜ ಹಿಡಿದುಕೊಂಡಿದೆ. ಫ್ರೋಜನ್ ಶೋಲ್ಡರ್ ಅಂದರು ಡಾಕ್ಟರ್. ರೊಟ್ಟಿ ಬಡಿಯುವುದು ಇರಲಿ, ತುರುಬು ಕಟ್ಟಲೂ ಕೈ ಹಿಂದೆ ಹೋಗುವುದಿಲ್ಲ. ಆರು ದಿನ ಫಿಸಿಯೋಥೆರಪಿಗೆ ಹೋದಳು. ಆರನೇ ದಿನ ಕೈಯನ್ನು ಜೋರಾಗಿ ಎತ್ತಿಸಿ, "ಇಷ್ಟಕ್ಕೇ ಅಳ್ತೀರಾ" ಅಂದರಂತೆ. ಅವತ್ತು ರಾತ್ರಿಯಿಡೀ ನಿದ್ದೆ ಇಲ್ಲ. ಮಾರನೇ ದಿನ ಚಪ್ಪಲಿಯನ್ನೇ ಮೆಟ್ಟಲಿಲ್ಲ. ಮನೆಯಲ್ಲೂ ವ್ಯಾಯಾಮ ಮಾಡುತ್ತಿಲ್ಲ. ನಾನು ಬೈಯುತ್ತೇನೆ, ಆಮೇಲೆ ಸಂಕಟ ಆಗುತ್ತದೆ.

ಫಿಸಿಯೋ, ಚಿತ್ರದುರ್ಗ:
ಮೊದಲು ಬೈಯುವುದು ನಿಲ್ಲಿಸಿ ತಂಗಿ. ಅಮ್ಮ ಸೋಮಾರಿಯಲ್ಲ, ಹೆದರಿದ್ದಾರೆ. ಹೆದರಿದವರು ಭುಜ ಬಿಗಿ ಮಾಡುತ್ತಾರೆ, ಬಿಗಿ ಮಾಡಿದರೆ ನೋವು ಇನ್ನೂ ಜಾಸ್ತಿ. ಶುಗರ್ ಇರುವವರಲ್ಲಿ ಈ ತೊಂದರೆ ಹೆಚ್ಚು. ಭುಜದ ಬಿಗಿತ ಪೂರ್ತಿ ಬಿಡಲು ಒಂದೆರಡು ವರ್ಷವೂ ಬೇಕಾಗಬಹುದು, ಅದನ್ನು ಅಮ್ಮನಿಂದ ಮುಚ್ಚಿಡಬೇಡಿ. ಹದಿನೈದು ದಿನದಲ್ಲಿ ಸರಿಹೋಗುತ್ತದೆ ಅಂತ ಸುಮ್ನೆ ನಂಬಿಸಿದರೆ ಹದಿನಾರನೇ ದಿನ ಕೈಬಿಡುತ್ತಾರೆ.

ನನ್ನ ಹತ್ತಿರ ಬರುವವರನ್ನು ನೋವು ಹತ್ತಕ್ಕೆ ಎಷ್ಟು ಅಂತ ಕೇಳುತ್ತೇನೆ. ನಾಲ್ಕು ದಾಟಿದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಅವರು "ಸಾಕು" ಅಂದರೆ ಸಾಕು. ಆ ಮಾತು ನಡೆಯುತ್ತದೆ ಅಂತ ಗೊತ್ತಾದ ಮೇಲೆ ಎಷ್ಟೋ ಜನ ತಾವಾಗಿಯೇ ಇನ್ನೊಂದು ಸಲ ಎತ್ತುತ್ತಾರೆ.

ಮನೆಯಲ್ಲಿ ಗೋಡೆಯ ಮೇಲೆ ಬೆರಳು ನಡೆಸುತ್ತಾ ಕೈ ಏರಿಸಲಿ. ಮುಟ್ಟಿದ ಕಡೆ ಪೆನ್ಸಿಲ್ ಗೆರೆ ಎಳೆಯಿರಿ. ಎದ್ದ ನೋವು ಸ್ವಲ್ಪ ಹೊತ್ತಿಗೆ ಇಳಿದರೆ ಸರಿ. ಮಾರನೇ ಬೆಳಗ್ಗೆಯೂ ಇದ್ದರೆ ಅವತ್ತು ಕಡಿಮೆ ಮಾಡಿಸಿ. ಶಾಖ ಕೊಡುವುದಾದರೆ ಚೀಲಕ್ಕೆ ಬಟ್ಟೆ ಸುತ್ತಿ, ಮೊದಲು ನಿಮ್ಮ ಕೈಗೆ ಮುಟ್ಟಿಸಿ ನೋಡಿ. ಶುಗರ್ ಇದ್ದವರಿಗೆ ಸುಟ್ಟರೂ ಗೊತ್ತಾಗದೆ ಇರಬಹುದು.

ಹಳೇಪೇಟೆ ಅಜ್ಜಿ:
ನನಗೂ ಹಿಡಿದಿತ್ತು ಕಣವ್ವ. ವ್ಯಾಯಾಮ ಅಂದರೆ ಮೈ ಉರಿಯುತ್ತಿತ್ತು. ಸೊಸೆ ಒಂದು ದಿನ, "ಅತ್ತೆ, ಈ ಕೈಯಿಂದ ನಿಮಗೆ ಮೊದಲು ಏನು ಮಾಡಬೇಕು?" ಅಂದಳು. ಅದನ್ನು ಯಾರೂ ಕೇಳಿರಲಿಲ್ಲ. ದುಗ್ಗಮ್ಮನಿಗೆ ಎರಡೂ ಕೈ ತಲೆ ಮೇಲೆತ್ತಿ ಮುಗಿಯಬೇಕು ಅಂದೆ. ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ ಅಲ್ವಾ, ಎಂಟು ತಿಂಗಳು ಬಾಕಿ ಇತ್ತು. ಜಾತ್ರೆ ದಿನ ಹಣೆಯವರೆಗೆ ಎತ್ತಿದೆ. ಅಷ್ಟಕ್ಕೇ ಕಣ್ಣು ತುಂಬಿತು.

ದಾವಣಗೆರೆ ಮಗಳು:
ನಿನ್ನೆ ರಾತ್ರಿ ಅಮ್ಮನನ್ನು ಕೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿನ್ನ ಹತ್ರ ತಲೆ ಬಾಚಿಸಿಕೊಳ್ಳೋಕೆ ಸಂಕೋಚ ಆಗುತ್ತೆ" ಅಂದಳು. ಐದು ತಿಂಗಳು ನಾನೇ ಬಾಚಿದ್ದೇನೆ, ನನಗೆ ಹೊಳೆದಿರಲಿಲ್ಲ.

ಬೆಳಗ್ಗೆ ಅಡುಗೆಮನೆ ಗೋಡೆಗೆ ಮೊದಲ ಗೆರೆ ಎಳೆದೆವು. ಸ್ವಿಚ್ ಬೋರ್ಡಿಗಿಂತ ಒಂದು ಗೇಣು ಕೆಳಗಿದೆ. "ಸಾಕು" ಅಂದಳು, ನಿಲ್ಲಿಸಿದೆ. ಸೋಮವಾರ ಬೇರೆ ಫಿಸಿಯೋ ಹತ್ತಿರ ಹೋಗುತ್ತೇವೆ. ಈ ಸಲ ನಾನೂ ಒಳಗೆ ಪಕ್ಕದಲ್ಲೇ ಕೂರುತ್ತೇನೆ.