ಯಕ್ಷಗಾನದ ಕಲರ್ ಫೋಟೋ ಪುಸ್ತಕ: ಬೇಕಾದಷ್ಟೇ ಪ್ರತಿ ಪ್ರಿಂಟ್ ಮಾಡಿಸಬಹುದಾ?

ಪ್ರಶ್ನೆ (ಕುಂದಾಪುರ): ನಮಸ್ಕಾರ ಸರ್. ನಾನು ಶಾಲೆ ಟೀಚರ್. ಹಲವು ವರ್ಷಗಳಿಂದ ಬಡಗುತಿಟ್ಟಿನ (ಯಕ್ಷಗಾನದ ಉತ್ತರದ ಶೈಲಿ) ಆಟಗಳ ಫೋಟೋ ತೆಗೆಯುತ್ತಿದ್ದೇನೆ, ರಂಗಸ್ಥಳದ್ದೂ ಚೌಕಿಯದ್ದೂ (ವೇಷ ಕಟ್ಟುವ ಜಾಗ). 8×10 ಇಂಚಿನ, ಸುಮಾರು 100 ಪುಟದ ಕಲರ್ ಪುಸ್ತಕ ಮಾಡುವ ಆಸೆ. ಒಬ್ಬ ಪ್ರಕಾಶಕರನ್ನು ಕೇಳಿದರೆ 500 ಪ್ರತಿಯ ಖರ್ಚು ನೀವೇ ಹಾಕಿ ಅಂದರು. ಅಷ್ಟು ಪುಸ್ತಕ ಮನೆಯಲ್ಲಿ ಎಲ್ಲಿ ಇಡೋದು? ಪ್ರಿಂಟ್ ಆನ್ ಡಿಮ್ಯಾಂಡ್‌ನಲ್ಲಿ ಆರ್ಡರ್ ಬಂದಷ್ಟೇ ಪ್ರಿಂಟ್ ಹಾಕುತ್ತಾರಂತೆ. ನಂಬಬಹುದಾ? ಇನ್ನೊಂದು, ಊರಿನ ಡಿಜಿಟಲ್ ಪ್ರೆಸ್‌ನಲ್ಲಿ ಎರಡು ಫೋಟೋ ಪ್ರಿಂಟ್ ತೆಗೆಸಿ ನೋಡಿದೆ, ಮೊಬೈಲಲ್ಲಿ ಝಗಮಗ ಅಂತಿದ್ದದ್ದು ಕಾಗದದ ಮೇಲೆ ಮಂಕಾಗಿ, ಕಪ್ಪಾಗಿ ಬಂತು.

ಉತ್ತರ (ಬೆಂಗಳೂರು, ಪ್ರೆಸ್ಸಿನಲ್ಲಿ ಪ್ರೀಪ್ರೆಸ್ ಕೆಲಸ, ಅಂದರೆ ಪ್ರಿಂಟಿಗೆ ಮುಂಚೆ ಫೈಲ್ ತಯಾರಿ): ಮೇಡಂ, ಎಷ್ಟು ಪ್ರತಿ ಬೇಕು ಅನ್ನೋದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಮಿಕ್ಕಿದ್ದೆಲ್ಲ ಅದರ ಮೇಲೆ ನಿಂತಿದೆ. ಆಫ್‌ಸೆಟ್‌ನಲ್ಲಿ ಪ್ಲೇಟ್ ಮಾಡಬೇಕು, ಮಷೀನ್ ಸೆಟ್ ಮಾಡಬೇಕು, ಬಣ್ಣ ಕೂರುವ ತನಕ ಹಾಳೆ ವೇಸ್ಟ್ ಆಗುತ್ತದೆ. ಆ ಖರ್ಚು 50 ಪ್ರತಿಗೂ ಒಂದೇ, 1000 ಪ್ರತಿಗೂ ಒಂದೇ. ಹಾಗಾಗಿ ಪ್ರತಿ ಜಾಸ್ತಿ ಆದಷ್ಟೂ ಒಂದರ ಬೆಲೆ ಇಳಿಯುತ್ತದೆ. ಪ್ರಿಂಟ್ ಆನ್ ಡಿಮ್ಯಾಂಡ್ ಅಂದರೆ ಡಿಜಿಟಲ್ ಮಷೀನು, ಪ್ಲೇಟ್ ಇಲ್ಲ, ಮೊದಲನೇ ಪ್ರತಿಗೂ ನೂರನೇ ಪ್ರತಿಗೂ ಹೆಚ್ಚುಕಮ್ಮಿ ಅದೇ ಖರ್ಚು. ನನ್ನ ಲೆಕ್ಕದಲ್ಲಿ 50 ಪ್ರತಿ ಒಳಗಿದ್ದರೆ ಕಣ್ಣುಮುಚ್ಚಿ ಡಿಜಿಟಲ್‌ಗೆ ಹೋಗಿ. 300 ಪ್ರತಿಗೆ ಕೊಳ್ಳುವವರು ಗ್ಯಾರಂಟಿ ಇದ್ದರೆ ಆಫ್‌ಸೆಟ್. ನಡುವೆ ಇದ್ದರೆ ಎರಡೂ ಕಡೆ ಕೊಟೇಶನ್ ತೆಗೆದುಕೊಳ್ಳಿ. ಆಫ್‌ಸೆಟ್ ಆದರೆ 100 ಪುಟ ಬೇಡ, 96 ಮಾಡಿ, ಸಾಮಾನ್ಯವಾಗಿ 16 ಪುಟಕ್ಕೆ ಒಂದು ಫಾರ್ಮ್ (ಮಡಚುವ ದೊಡ್ಡ ಹಾಳೆ) ಲೆಕ್ಕ.

ದುಡ್ಡಿನ ವಿಷಯ ಯಾರೂ ಮೊದಲೇ ಬಿಡಿಸಿ ಹೇಳುವುದಿಲ್ಲ. ಸುಮ್ನೆ ಲೆಕ್ಕಕ್ಕೆ ಕಲರ್ ಪುಟಕ್ಕೆ 5 ರೂಪಾಯಿ, ಬೈಂಡಿಂಗ್ ಮತ್ತು ಕವರ್‌ಗೆ 100 ಅಂತ ಇಟ್ಟುಕೊಳ್ಳಿ. ಒಂದು ಪ್ರತಿಗೆ 600 ಆಯಿತು. 900ಕ್ಕೆ ಮಾರಿದರೆ 300 ಉಳಿಯುತ್ತದೆ ಅನಿಸುತ್ತದೆ, ಅಲ್ವಾ? ಅಂಗಡಿಯವರು 40 ಪರ್ಸೆಂಟ್ ಕೇಳಿದರೆ ಅವರಿಗೇ 360 ಹೋಗುತ್ತದೆ, ನಿಮಗೆ 60 ರೂಪಾಯಿ ಕೈಯಿಂದ. ಕಥೆ, ಕಾದಂಬರಿಗೆ ಈ ದಾರಿ ಸಲೀಸು. ಕಲರ್ ಪುಸ್ತಕಕ್ಕೆ ಗೊತ್ತಿದ್ದವರಿಗೆ ನೇರ ಮಾರಿದರೆ ಮಾತ್ರ ನಾಲ್ಕು ಕಾಸು.

ಈಗ ಬಣ್ಣ. ಪ್ರಿಂಟ್ ಕಪ್ಪಾಗಿ ಬಂದದ್ದಕ್ಕೆ ಪ್ರೆಸ್ಸಿನವರನ್ನು ಬೈಯಬೇಡಿ. ಮೊಬೈಲ್ ಸ್ಕ್ರೀನು ತಾನೇ ಬೆಳಕು ಕೊಡುತ್ತದೆ. ಕಾಗದಕ್ಕೆ ಕೋಣೆಯಲ್ಲಿ ಎಷ್ಟು ಬೆಳಕಿದೆಯೋ ಅಷ್ಟೇ. ಎಡಿಟ್ ಮಾಡುವಾಗ ಮಾನಿಟರ್ ಬ್ರೈಟ್‌ನೆಸ್ ಚೆನ್ನಾಗಿ ಇಳಿಸಿ, ಪಕ್ಕದಲ್ಲಿ ಒಂದು ಬಿಳಿ ಹಾಳೆ ಹಿಡಿದರೆ ಹಾಳೆಯೂ ಸ್ಕ್ರೀನಿನ ಬಿಳಿಯೂ ಒಂದೇ ಥರ ಕಾಣಬೇಕು. ಆಮೇಲೆ ಅದೇ ಫೋಟೋ ನೋಡಿ, ಎಷ್ಟು ಕತ್ತಲು ಅಂತ ನಿಮಗೇ ಗೊತ್ತಾಗುತ್ತದೆ.

ಯಕ್ಷಗಾನದ ಫೋಟೋಗೆ ಇನ್ನೂ ಮೂರು ತೊಂದರೆ. ಒಂದು, ಈಗಿನ ರಂಗಸ್ಥಳದ ಎಲ್‌ಇಡಿ ಲೈಟು. ಆ ಕಡು ನೀಲಿ, ಆ ನೇರಳೆ ಗುಲಾಬಿ ನಾಲ್ಕು ಬಣ್ಣದ ಇಂಕಿನಲ್ಲಿ ಬರುವುದೇ ಇಲ್ಲ, ಏನು ಮಾಡಿದರೂ ಬರುವುದಿಲ್ಲ. ಸಾಫ್ಟ್‌ವೇರ್‌ನಲ್ಲಿ ಸಾಫ್ಟ್ ಪ್ರೂಫ್ (ಪ್ರಿಂಟ್ ಹೇಗೆ ಬರುತ್ತದೆ ಅಂತ ಸ್ಕ್ರೀನಲ್ಲೇ ತೋರಿಸುವುದು) ಆನ್ ಮಾಡಿ ನೋಡಿ, ಸತ್ತುಹೋಗುವ ಫೋಟೋಗಳನ್ನು ಬಿಟ್ಟುಬಿಡಿ, ಇಲ್ಲವೇ ಕಪ್ಪುಬಿಳುಪು ಮಾಡಿ. ಚೌಕಿಯ ಟ್ಯೂಬ್‌ಲೈಟ್ ಕೆಳಗೆ ತೆಗೆದದ್ದು ಎಷ್ಟೋ ಚೆನ್ನಾಗಿ ಬರುತ್ತದೆ. ಎರಡು, ಕೆಂಪು. ಕೆಂಪು ಬರುತ್ತದೆ, ಆದರೆ ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖವರ್ಣಿಕೆಯಲ್ಲಿ ಕೆಂಪಿನ ಒಳಗಿನ ಗೆರೆ, ನೆರಳು ಎಲ್ಲ ಸೇರಿ ಒಂದು ಮುದ್ದೆ ಆಗುತ್ತದೆ. ಸ್ಯಾಚುರೇಶನ್ (ಬಣ್ಣದ ಗಾಢತೆ) ಸ್ವಲ್ಪ ಇಳಿಸಿದರೆ ಗೆರೆ ಉಳಿಯುತ್ತದೆ. ಮೂರು, ಹಿನ್ನೆಲೆಯ ಕತ್ತಲು. ಪುಟ ಪೂರ್ತಿ ಕಪ್ಪಿದ್ದರೆ ನಾಲ್ಕೂ ಇಂಕು ಒಂದರ ಮೇಲೊಂದು ಕೂತು ಒಣಗುವುದಿಲ್ಲ, ಹಿಂದಿನ ಪುಟಕ್ಕೆ ಹತ್ತಿಕೊಳ್ಳುತ್ತದೆ. ಅದಕ್ಕೇ ಒಟ್ಟು ಇಂಕಿಗೆ ಮಿತಿ ಇರುತ್ತದೆ. ನಾಲ್ಕೂ ಇಂಕು ಪೂರ್ತಿ ಹಾಕಿದರೆ 400 ಪರ್ಸೆಂಟ್ ಅಂತ ಲೆಕ್ಕ. ಇಂಗ್ರಾಮ್‌ಸ್ಪಾರ್ಕ್ ಅನ್ನುವ ಪ್ರಿಂಟ್ ಆನ್ ಡಿಮ್ಯಾಂಡ್ ಕಂಪನಿಯವರು 240 ಪರ್ಸೆಂಟ್ ಅನ್ನುತ್ತಾರೆ, ಆಫ್‌ಸೆಟ್‌ನಲ್ಲಿ ಆರ್ಟ್ ಪೇಪರ್‌ಗೆ (ಲೇಪನ ಇರುವ ನುಣುಪು ಕಾಗದ) 300 ಆಸುಪಾಸು ನಡೆಯುತ್ತದೆ. ಪ್ರೆಸ್ಸಿನಿಂದ ಕಲರ್ ಪ್ರೊಫೈಲ್ (ಅವರ ಮಷೀನು, ಕಾಗದಕ್ಕೆ ಹೊಂದುವ ಬಣ್ಣದ ಲೆಕ್ಕದ ಫೈಲು) ಕೇಳಿ ಪಡೆದು ಅದರಲ್ಲೇ ಬದಲಿಸಿ. ಕೊಡದಿದ್ದರೆ ಎಸ್‌ಆರ್‌ಜಿಬಿ ಫೈಲನ್ನೇ (ಮಾಮೂಲಿ ಸ್ಕ್ರೀನ್ ಬಣ್ಣದ ಫೈಲು) ಕಳಿಸಿ. ಅಂದಾಜಿನ ಮೇಲೆ ಸಿಎಂವೈಕೆ (ಆ ನಾಲ್ಕು ಇಂಕಿನ ಬಣ್ಣ) ಮಾಡಿ ಕಳಿಸುವುದು ಬೇಡವೇ ಬೇಡ.

ಪ್ರಶ್ನೆ (ಕುಂದಾಪುರ): ಅಬ್ಬಾ, ಇಷ್ಟೆಲ್ಲ ಇದೆಯಾ! ಮಗ ಅಮೆರಿಕದಲ್ಲಿದ್ದಾನೆ. ಅಮೆಜಾನ್‌ನಲ್ಲಿ ಹಾಕಮ್ಮ, ಇಲ್ಲಿನ ಕನ್ನಡ ಸಂಘದವರು ತೆಗೆದುಕೊಳ್ಳುತ್ತಾರೆ ಅನ್ನುತ್ತಾನೆ.

ಉತ್ತರ: ಅಲ್ಲಿಯವರಿಗೆ ತಲುಪಿಸಲು ಅನುಕೂಲವೇ, ಆದರೆ ಕನ್ನಡ ಪುಸ್ತಕ ತೆಗೆದುಕೊಳ್ಳುತ್ತಾರಾ ಅಂತ ಅವರ ಭಾಷೆಗಳ ಪಟ್ಟಿಯಲ್ಲಿ ಮೊದಲು ನೋಡಿಕೊಳ್ಳಿ. ಅಮೆಜಾನ್‌ನ ಕೆಡಿಪಿ (ನಾವೇ ಪುಸ್ತಕ ಪ್ರಕಟಿಸುವ ಸೇವೆ) ಪೇಪರ್‌ಬ್ಯಾಕ್ ಅಮೆರಿಕ, ಬ್ರಿಟನ್, ಜರ್ಮನಿ, ಕೆನಡಾ ಮುಂತಾದ ಕಡೆ ಅಲ್ಲಲ್ಲೇ ಪ್ರಿಂಟ್ ಆಗಿ ಹೋಗುತ್ತದೆ. ಆದರೆ ಕಾಗದ ನೋಡಿ. ಕೆಡಿಪಿಯ ಪ್ರೀಮಿಯಂ ಕಲರ್ ಅಂದರೂ ಸುಮಾರು 90ರಿಂದ 105 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ, ಕಾಗದದ ತೂಕ) ಬಿಳಿ ಕಾಗದ, ಆರ್ಟ್ ಪೇಪರ್ ಅಲ್ಲ. ಪುಟದ ತುಂಬ ರಾತ್ರಿಯ ಕಪ್ಪು ಇದ್ದರೆ ಹಿಂದಿನಿಂದ ಕಾಣುತ್ತದೆ. ಮಕ್ಕಳ ಚಿತ್ರಪುಸ್ತಕಕ್ಕೆ ಸಾಕು, ನಿಮ್ಮ ಫೋಟೋಗೆ ನಾನು ಒಪ್ಪುವುದಿಲ್ಲ. ಬ್ಲರ್ಬ್, ಲುಲು ಅನ್ನುವ ವಿದೇಶಿ ಕಂಪನಿಗಳಲ್ಲಿ ಕೋಟೆಡ್ (ಲೇಪನದ) ಕಾಗದ ಸಿಗುತ್ತದೆ, ಬೆಲೆ ಜಾಸ್ತಿ. ನಮ್ಮಲ್ಲಿ ಬೆಂಗಳೂರಿನ ಪೋತಿ ಡಾಟ್ ಕಾಮ್, ಚೆನ್ನೈನ ನೋಷನ್ ಪ್ರೆಸ್ ಇವೆ. ಅವರಲ್ಲಿ ಕಲರ್ ಪುಟಕ್ಕೆ ಯಾವ ಕಾಗದ ಹಾಕುತ್ತಾರೆ ಅಂತ ಸ್ಯಾಂಪಲ್ ತರಿಸಿ ಮುಟ್ಟಿ ನೋಡಿ.

ನಿಮ್ಮದು ನನ್ನ ಕೆಲಸ ಆಗಿದ್ದರೆ ಹೀಗೆ ಮಾಡುತ್ತಿದ್ದೆ: ಇಂಡಿಗೋ (ಒಳ್ಳೆ ದರ್ಜೆಯ ಡಿಜಿಟಲ್ ಪ್ರಿಂಟಿಂಗ್) ಮಷೀನ್ ಇರುವ ಡಿಜಿಟಲ್ ಪ್ರೆಸ್ಸಿನಲ್ಲಿ 170 ಜಿಎಸ್‌ಎಂ ಮ್ಯಾಟ್ ಆರ್ಟ್ ಪೇಪರ್, 300 ಜಿಎಸ್‌ಎಂ ಆರ್ಟ್ ಕಾರ್ಡ್ ಕವರಿಗೆ ಮ್ಯಾಟ್ ಲ್ಯಾಮಿನೇಷನ್, ಮೊದಲು ಒಂದೇ ಒಂದು ಪ್ರತಿ. ಅದನ್ನು ಹಗಲು ಬೆಳಕಲ್ಲಿ ನೋಡಿ ತಿದ್ದಿ, ಆಮೇಲೆ 30. ಆ ಒಂದು ಪ್ರತಿಯ ದುಡ್ಡು ಉಳಿಸಲು ಹೋಗಬೇಡಿ.

ಪ್ರಶ್ನೆ (ಶಿರಸಿ): ನಡುವೆ ಬಂದೆ, ಕ್ಷಮಿಸಿ. ನನ್ನ ಹತ್ತಿರ ಇರುವ ಎಷ್ಟೋ ಫೋಟೋ ವಾಟ್ಸಾಪಲ್ಲಿ ಬಂದದ್ದು. ಪುಸ್ತಕಕ್ಕೆ ಆಗುತ್ತಾ ಮಾರಾಯ್ರೆ?

ಉತ್ತರ: ಇಂಚಿಗೆ 300 ಪಿಕ್ಸೆಲ್ ಲೆಕ್ಕ ಹಾಕಿ. 8×10 ಪುಟ ತುಂಬಲು 2400×3000 ಬೇಕು, ಎರಡು ಪುಟಕ್ಕೆ ಹರಡಿದರೆ 4800×3000. ವಾಟ್ಸಾಪ್ ಫೋಟೋ ಉದ್ದದಲ್ಲಿ 1600 ಇದ್ದರೆ ಐದೂವರೆ ಇಂಚು ದಾಟುವುದಿಲ್ಲ. ತೆಗೆದವರ ಹತ್ತಿರ ಡಾಕ್ಯುಮೆಂಟ್ ಆಗಿ ಮೂಲ ಫೈಲ್ ಕಳಿಸಿ ಅನ್ನಿ. ಪುಟದ ಅಂಚಿನ ತನಕ ಫೋಟೋ ಬರಬೇಕಾದರೆ ಕತ್ತರಿಸುವ ಕಡೆಗೆಲ್ಲ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಚಿತ್ರ) ಬಿಡಿ. ಎರಡು ಪುಟಕ್ಕೆ ಹರಡಿದ ಫೋಟೋದಲ್ಲಿ ಮಧ್ಯಕ್ಕೆ ಮುಖ ಬರಲೇಬಾರದು. ಪರ್ಫೆಕ್ಟ್ ಬೈಂಡಿಂಗ್‌ನಲ್ಲಿ (ಬೆನ್ನಿಗೆ ಅಂಟು ಹಾಕುವ ಮಾಮೂಲಿ ಬೈಂಡಿಂಗ್) ಪುಸ್ತಕ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ಅರ್ಜುನನ ಮೂಗು ಮಧ್ಯದ ಸಂದಿಯೊಳಗೆ ಹೋಗಿ ಕೂರುತ್ತದೆ. ಹಾಗೇ ಬೇಕು ಅಂದರೆ ಲೇಫ್ಲಾಟ್ (ಪುಟ ಪೂರ್ತಿ ಚಪ್ಪಟೆ ತೆರೆದುಕೊಳ್ಳುವ ಬೈಂಡಿಂಗ್) ಮಾಡಿಸಿ, ಮದುವೆ ಆಲ್ಬಮ್ ಮಾಡುವವರ ಹತ್ತಿರ ಆಗುತ್ತದೆ. ಮಾರುವ ಪುಸ್ತಕಕ್ಕೆ ಮಾತ್ರ ಅದು ತೀರಾ ದುಬಾರಿ.

ಪ್ರಶ್ನೆ (ಕುಂದಾಪುರ): ಫೋಟೋ ಕೆಳಗಿನ ಬರಹ ಟೈಪ್ ಮಾಡಿ ಇನ್‌ಡಿಸೈನ್‌ಗೆ (ಪುಟ ಜೋಡಿಸುವ ಸಾಫ್ಟ್‌ವೇರ್) ಹಾಕಿದೆವು, ಒತ್ತಕ್ಷರ ಎಲ್ಲ ಬಿಡಿಬಿಡಿ ಆಯಿತು. ಮತ್ತೆ ಕಲಾವಿದರ ಅನುಮತಿ, ಐಎಸ್‌ಬಿಎನ್ (ಪುಸ್ತಕದ ಗುರುತಿನ ನಂಬರ್) ಅದೆಲ್ಲ ಬೇಕಾ?

ಉತ್ತರ: ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ ಎರಡೂ ಉಚಿತ ಫಾಂಟ್. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಸೆಟ್ಟಿಂಗ್‌ಗೆ ಹೋಗಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿದರೆ ಒತ್ತು ಸರಿಯಾಗಿ ಕೂರುತ್ತದೆ. ದುಡ್ಡಿಲ್ಲದ ಸಾಫ್ಟ್‌ವೇರ್ ಬೇಕಾದರೆ ಸ್ಕ್ರೈಬಸ್‌ನ ಹೊಸ ಆವೃತ್ತಿ ನೋಡಿ. ಬರಹಕ್ಕೆ ಬರೀ ಕಪ್ಪು ಇಂಕು ಇರಲಿ, ನಾಲ್ಕೂ ಬಣ್ಣ ಸೇರಿಸಿದ ಕಪ್ಪು ಹಾಕಿದರೆ ಸಣ್ಣ ಒತ್ತಕ್ಷರ ಮಸುಕಾಗುತ್ತದೆ. ಕಪ್ಪು ಫೋಟೋ ಮೇಲೆ ಬಿಳಿ ಅಕ್ಷರ ಹಾಕುವ ಆಸೆ ಎಲ್ಲರಿಗೂ ಇರುತ್ತದೆ, ಹಾಕುವುದಿದ್ದರೆ ದೊಡ್ಡದಾಗಿ, ದಪ್ಪಗೆ ಹಾಕಿ. ಪಿಡಿಎಫ್‌ನಲ್ಲಿ ಫಾಂಟ್ ಸೇರಿಸಿರಬೇಕು.

ನೀವೇ ತೆಗೆದ ಫೋಟೋದ ಹಕ್ಕು ನಿಮ್ಮದೇ. ಆದರೆ ಮೇಳದವರು ದುಡ್ಡು ಕೊಟ್ಟು ತೆಗೆಸಿದ್ದಾದರೆ, ಬೇರೆ ಒಪ್ಪಂದ ಇಲ್ಲದಿದ್ದರೆ ಹಕ್ಕು ಅವರಿಗೆ ಹೋಗುತ್ತದೆ, ನಮ್ಮ ಕಾಪಿರೈಟ್ ಕಾಯ್ದೆ ಇರುವುದೇ ಹಾಗೆ. ಚೌಕಿಯ ಫೋಟೋಗೆ ಕಲಾವಿದರಿಂದ ಒಂದು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ, ಅರ್ಧ ವೇಷದಲ್ಲಿ, ಬನಿಯನ್‌ನಲ್ಲಿ ಇರುತ್ತಾರೆ, ಎಲ್ಲರಿಗೂ ಹಿಡಿಸುವುದಿಲ್ಲ. ಐಎಸ್‌ಬಿಎನ್ ನಮ್ಮ ದೇಶದಲ್ಲಿ ಉಚಿತ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯ ಆನ್‌ಲೈನ್ ಪೋರ್ಟಲ್‌ನಲ್ಲಿ ನಿಮ್ಮ ಹೆಸರಲ್ಲೇ ಅರ್ಜಿ ಹಾಕಬಹುದು. ಅದಕ್ಕೆ ದುಡ್ಡು ಕೇಳುವವರಿಗೆ ಕೊಡಬೇಡಿ. ಮನೆಮಂದಿಗೆ ಹಂಚುವ ಪುಸ್ತಕಕ್ಕೆ ಬೇಕಿಲ್ಲ. ಪ್ರಕಟಿಸಿ ಮಾರುವುದಾದರೆ 1954ರ ಕಾಯ್ದೆ ಪ್ರಕಾರ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ನಿಮ್ಮ ಖರ್ಚಿನಲ್ಲಿ ಕಳಿಸಬೇಕು. 30 ಪ್ರತಿ ಹಾಕಿಸುವಾಗ ಆ ನಾಲ್ಕನ್ನೂ ಲೆಕ್ಕಕ್ಕೆ ಸೇರಿಸಿ.

ಪ್ರಶ್ನೆ (ಕುಂದಾಪುರ): ಹಾಗಾದರೆ 35 ಹಾಕಿಸ್ತೇನೆ ಸರ್. ಮೊದಲು ಒಂದು.